ಉಡಿಕಿಯ ಸಾಕ್ಷಿ

ನನ್ನ ಎರಡನೇ ಗಂಡ ತೀರಿಕೊಂಡ ಸ್ವಲ್ಪ ದಿನಕ್ಕೇ ಅವರ ಅಣ್ಣ, ಅಂದರೆ ನನ್ನ ಭಾವ, ನಮ್ಮ ಹೊಲದ ದಾರಿಗೆ ಮುಳ್ಳು ಹಚ್ಚಿದ.

"ನೀ ನನ್ನ ತಮ್ಮನ ಹೇಂತಿ ಅಲ್ಲ, ಇಟ್ಕೊಂಡಾಕಿ. ನಿನಗೆಲ್ಲೀ ಹೊಲ?" ಎಂದ.

ಅಣ್ಣತಮ್ಮಂದಿರು ಬೇರೆಯಾಗಿ ಎಷ್ಟೋ ವರ್ಷವಾಗಿತ್ತು. ಹೊಲ ನನ್ನವರ ಪಾಲಿನದು. ಹೊಲ ಹೋದರೆ ಕೂಲಿ ಮಾಡಿ ತಿಂದೇನು, ಆದರೆ ಆ ಮಾತು ನುಂಗಿಕೊಂಡು ಬದುಕುವ ಹೆಂಗಸು ನಾನಲ್ಲ. ಪೆದ್ದೆಮುಲ್ ಕಡೆಯ ನಮ್ಮ ಹಳ್ಳಿಯಿಂದ ತಾಂಡೂರಿಗೆ ನಡೆದು, ನಿಜಾಮರ ಮುನ್ಸಿಫ್ ಅದಾಲತ್ತಿನಲ್ಲಿ ದಾವಾ ಹೂಡಿದೆ.

ವಕೀಲರು ತಲೆ ಕೆರೆದುಕೊಂಡರು. "ಲಗ್ನಾ ನೋಡಿದೋರು ಯಾರದಾರವ್ವ?"

ತೊಡಕು ಇದ್ದದ್ದೇ ಅಲ್ಲಿ. ಎಳೆಯ ವಯಸ್ಸಿನಲ್ಲೇ ಮೊದಲ ಗಂಡನನ್ನು ಕಳೆದುಕೊಂಡವಳು ನಾನು. ನಮ್ಮ ಲಿಂಗಾಯತರಲ್ಲಿ ವಿಧವೆ ಮತ್ತೆ ಮದುವೆಯಾಗಬಹುದು. ಅದಕ್ಕೆ ಉಡಿಕಿ ಅನ್ನುತ್ತಾರೆ. ಆಗಬಹುದು, ಆದರೆ ಯಾರ ಕಣ್ಣಿಗೂ ಬೀಳಬಾರದು. ಹಂದರವಿಲ್ಲ, ಬಾಜಾ ಇಲ್ಲ, ಎಲ್ಲ ಕತ್ತಲಾದ ಮೇಲೆ ಕೋಣೆಯೊಳಗೆ. ಮುತ್ತೈದೆಯರು ಆ ಕಡೆ ಸುಳಿಯುವುದಿಲ್ಲ. ಸೀರೆ ಉಡಿಸುವವರು, ಬಳೆ ತೊಡಿಸುವವರು ವಿಧವೆಯರೇ. ಮದುವೆಯೇನೋ ಮದುವೆಯೇ, ಸಾಕ್ಷಿಗಳು ಮಾತ್ರ ಊರಲ್ಲಿ ಮುಖ ತೋರಿಸಬಾರದವರು! ಈ ಪದ್ಧತಿ ಮಾಡಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ನನ್ನ ಉಡಿಕಿಗೆ ಅಪ್ಪಣೆ ಕೊಟ್ಟಿದ್ದ ಮಠದ ಅಯ್ಯನವರು ಲಿಂಗೈಕ್ಯರಾಗಿದ್ದರು. ನನಗೆ ಬಳೆ ತೊಡಿಸಿದವರಲ್ಲಿ ಉಳಿದವರು ಒಬ್ಬರೇ, ನನ್ನ ಅತ್ತೆ. ಅವರಿದ್ದದ್ದು ಹಿರಿಮಗನಾದ ಭಾವನ ಮನೆಯಲ್ಲಿ, ತಿನ್ನುತ್ತಿದ್ದದ್ದು ಅವನ ರೊಟ್ಟಿ.

ಆದರೂ ಹೋಗಿ ಕೇಳಿದೆ. ಅತ್ತೆ ಜೋಳ ಬೀಸುತ್ತಿದ್ದರು. "ನಾ ರಂಡಮುಂಡಿ ಎದುರಿಗಿ ಬಂದ್ರ ಆಗೋ ಕೆಲಸಾನೂ ಕೆಡ್ತದ, ಯವ್ವಾ" ಎಂದರು.

"ನಾನೂ ಅದೇ ಅಲ್ಲೇನ್ರಿ? ಇಬ್ಬರೂ ಕೂಡಿ ಕೆಡಸೂಣು, ನಡೀರಿ" ಎಂದೆ. ಅವರು ನಗಲಿಲ್ಲ, ಒಲ್ಲೆ ಎನ್ನಲೂ ಇಲ್ಲ.

ವಿಚಾರಣೆಯ ದಿನ ನಸುಕಿಗೇ ಊರ ಅಗಸಿ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಎದುರಿಗೆ ಯಾರಾದರೂ ಬಂದರೆ ಗೋಡೆಗೆ ಸರಿದು ಮುಖ ತಿರುಗಿಸುವ ಹೆಂಗಸು. ಅವತ್ತು "ನಾ ಮುಂದ ನಡೀತೀನಿ, ನೀ ಹಿಂದ ಬಾ" ಎಂದರು. ತಾಂಡೂರು ಬರುವ ತನಕ ಯಾರಿಗೂ ದಾರಿ ಬಿಡಲಿಲ್ಲ.

ಅದಾಲತ್ತಿನಲ್ಲಿ ಎಲ್ಲವೂ ಉರ್ದು. ಭಾವನ ವಕೀಲ ಕೇಳಿದ್ದನ್ನು ಗುಮಾಸ್ತ ಅತ್ತೆಗೆ ಕನ್ನಡದಲ್ಲಿ ಹೇಳುತ್ತಿದ್ದ. ಹಂದರ ಹಾಕಿದ್ದಿರಾ? ಇಲ್ರಿ. ಬಾಜಾ? ಇಲ್ರಿ. ಮುತ್ತೈದೆಯರು ಬಂದಿದ್ದರಾ? ಇಲ್ರಿ. ವಕೀಲ ಗೆದ್ದವನಂತೆ ಕೂತ.

ಆಗ ಮುನ್ಸಿಫ್ ಸಾಹೇಬರೇ ಕೇಳಿಸಿದರು: ಹಾಗಾದರೆ ಅದನ್ನು ಲಗ್ನ ಅಂತ ಹೇಗೆ ಅನ್ನುತ್ತೀ?

ಅತ್ತೆ ಸೆರಗು ಸರಿಮಾಡಿಕೊಂಡರು. "ಅವೆಲ್ಲ ಇದ್ರ ಅದು ಉಡಿಕಿನೇ ಅಲ್ರಿ, ಸಾಹೇಬ್ರ. ಬಳಿ ನಾ ತೊಡಿಸೀನಿ. ತಾಳಿ ನನ್ನ ಸಣ್ಣ ಮಗಾ ಕಟ್ಯಾನ. ಯಾರೂ ಒಳಗ ಬರಬಾರದಂತ ಬಾಗಲದಾಗ ಕಂದೀಲ ಹಿಡದು ನಿಂತಾಂವ ನನ್ನ ದೊಡ್ಡ ಮಗಾ. ಅಲ್ಲೇ ಕುಂತಾನ ನೋಡ್ರಿ. ಕೊರಳಾಗಿನ ಲಿಂಗಾ ಮುಟ್ಟಿ ಇಲ್ಲ ಅನ್ನಲಿ."

ಉಡಿಕಿಯ ರಾತ್ರಿ ತಲೆ ಬಗ್ಗಿಸಿ ಕೂತಿದ್ದ ನನಗೆ ಬಾಗಿಲಲ್ಲಿದ್ದವರು ಯಾರೆಂದು ಗೊತ್ತೇ ಇರಲಿಲ್ಲ. ಭಾವನ ಕೈ ಎದೆಯ ಹತ್ತಿರ ಹೋಯಿತು, ಲಿಂಗ ಮುಟ್ಟದೆ ಕೆಳಗಿಳಿಯಿತು.

ಫೈಸಲಾ ಬಂತು: ಜಾತಿಯ ರೂಢಿಯಂತೆ ಆದ ಉಡಿಕಿಯೂ ಮದುವೆಯೇ, ನಾನಿರುವ ತನಕ ಗಂಡನ ಹೊಲ ನನ್ನದು. ಗುಮಾಸ್ತನ ಬಾಯಲ್ಲಿ 'ಹೇಂತಿ' ಎಂಬ ಮಾತು ಕೇಳಿ, ಜಗಳಗಂಟಿ ಎಂದು ಹೆಸರಾದ ನಾನು ಎಲ್ಲರೆದುರು ಅತ್ತುಬಿಟ್ಟೆ.

ಊರಿಗೆ ಮರಳಿದಾಗ ಅತ್ತೆಯ ಸೀರೆಗಂಟು ಭಾವನ ಮನೆಯ ಕಟ್ಟೆಯ ಮೇಲೆ ಬಿದ್ದಿತ್ತು. ಅದನ್ನು ನಾನೇ ಎತ್ತಿಕೊಂಡು ಅವರನ್ನು ನನ್ನ ಮನೆಗೆ ಕರೆತಂದೆ.

ಮಳೆ ಬಿದ್ದು ತೊಗರಿ ಬಿತ್ತುವ ಹೊತ್ತು ಬಂತು. ನಮ್ಮಲ್ಲಿ ಕೂರಿಗೆಗೆ ಮೊದಲ ಹಿಡಿ ಕಾಳು ಹಾಕುವವಳು ಮುತ್ತೈದೆ. ಯಾರನ್ನು ಕರೆಯಲಿ ಎಂದು ಎತ್ತು ಹೂಡಿದವನು ಕೇಳಿದ. ನಾನು ಕಾಳಿನ ಚೀಲವನ್ನು ಅತ್ತೆಯ ನಡಕ್ಕೆ ಕಟ್ಟಿದೆ. ಅವರು ಹಿಂದೆ ಸರಿದರು.

"ಬೆಳಿ ಬರಲಿಲ್ಲಂದ್ರ ಊರೆಲ್ಲಾ ನನಗಂತದ, ಯವ್ವಾ."

"ಅನ್ನಲಿ. ಊರ ಮ್ಯಾಲೂ ಒಂದು ದಾವಾ ಹೂಡೂಣು."

ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಎತ್ತಿನವನಿಗೆ "ನಡಿಯಪ್ಪಾ" ಎಂದು ಹೇಳಿ, ಹಿಡಿ ತುಂಬ ಕಾಳು ಕೂರಿಗೆಗೆ ಸುರಿದರು.