ಮಂಜಿನೊಳಗಿನ ಕೂಗು

ಬಣಕಲ್ ಹತ್ತಿರದ ಎಸ್ಟೇಟಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕಾಫಿ ಹಣ್ಣು ಕುಯ್ಯುವ ಭಾಗಮ್ಮನಿಗೆ ಸಿನಿಮಾದ ದೆವ್ವಗಳೆಂದರೆ ನಗು. ಮಗಳು ರಂಜಿತಾ ಲ್ಯಾಪ್‌ಟಾಪಿನಲ್ಲಿ ಆಡುವ ಆಟ ಮಾತ್ರ ಬೇರೆ. ಮೂರು ಭಾಗ ಬಂದಿರುವ ಒಂದು ದೆವ್ವದ ಸಿನಿಮಾದಿಂದ ಮಾಡಿದ ಆಟ. ಆ ಸಿನಿಮಾದ ಆಟಗಳಲ್ಲಿ ಇದು ಎರಡನೆಯದು. ಅದರಲ್ಲಿ ಭಾಗಮ್ಮನ ಸತ್ತ ತಂಗಿ ಕುಸುಮಾಳ ದನಿಯಿದೆ.

ಎರಡು ವರ್ಷದ ಹಿಂದೆ ಕುಯ್ಲಿನ ಕಾಲದಲ್ಲಿ ಆಟ ಮಾಡುವವರು ಮೈಕು ಹಿಡಿದು ಎಸ್ಟೇಟಿಗೆ ಬಂದಿದ್ದರು. ಮಂಜು ಕವಿದು ಒಬ್ಬರಿಗೊಬ್ಬರು ಕಾಣದಾದಾಗ ಹೆಂಗಸರು ಗಿಡಗಳ ಸಾಲಿನಿಂದ "ಕೂ" ಎಂದು ಕೂಗುತ್ತಾರೆ. ಪಕ್ಕದ ಸಾಲಿನವಳು ಓಗೊಡಲೇಬೇಕು, ಬೇರೆಯವರು ಬಾಯಿ ಹಾಕುವುದಿಲ್ಲ. ಕುಸುಮಾ ಒಂಚೂರೂ ನಾಚದೆ ಮೈಕಿನ ಮುಂದೆ "ಅಕ್ಕಾ... ಕೂ" ಎಂದಳು.

ತಿಂಗಳ ನಂತರ ಬುತ್ತಿಯ ಉಪ್ಪಿನಕಾಯಿಗಾಗಿ ಅಕ್ಕತಂಗಿಯರಿಗೆ ಜಗಳವಾಯಿತು. ಮರುದಿನ ಮಂಜಿನಲ್ಲಿ ಕುಸುಮಾ ಕೂಗಿದಳು. ಪಕ್ಕದ ಸಾಲಿನಲ್ಲಿದ್ದ ಭಾಗಮ್ಮ ಬೇಕೆಂದೇ ಸುಮ್ಮನಿದ್ದಳು. ತಂಗಿ ಇನ್ನೊಮ್ಮೆ ಕೂಗಿದಳು. ಆಗಲೂ ಅಕ್ಕ ಓಗೊಡಲಿಲ್ಲ. ಸಂಜೆ ಹಣ್ಣು ತೂಗುವ ಹೊತ್ತಿಗೆ ಬರಲಿಲ್ಲವೆಂದು ಹುಡುಕಿದಾಗ ಕುಸುಮಾ ಗಿಡದ ಬುಡದಲ್ಲಿ ಬಿದ್ದಿದ್ದಳು. ಹಾವು ಕಚ್ಚಿ ತುಂಬಾ ಹೊತ್ತಾಗಿತ್ತು.

ಹೊಸ ಆಟ ಬಂದ ಭಾನುವಾರ ಮಧ್ಯಾಹ್ನ, ರಂಜಿತಾ ಪರದೆಯ ಕಾಡಿನೊಳಗೆ ಮೆಲ್ಲಗೆ ನಡೆಯುತ್ತಿದ್ದಳು. ಮಂಜಿನಿಂದ ಕೇಳಿಸಿತು: "ಅಕ್ಕಾ... ಕೂ."

ಒಲೆಯ ಮುಂದಿದ್ದ ಭಾಗಮ್ಮ ತಟ್ಟನೆ ಎದ್ದು ಓಗೊಟ್ಟಳು: "ಕೂ!"

"ಅಯ್ಯೋ ಅವ್ವಾ, ಬಾಯ್ ಬಿಡ್ಬೇಡ ಮಾರಾಯ್ತಿ! ಮೈಕಲ್ಲಿ ಇದಕ್ಕೆ ನಮ್ ದನಿ ಕೇಳ್ಸುತ್ತೆ. ದೆವ್ವ ಬಂದು ಕೊಲ್ಲುತ್ತೆ."

"ಕರೆದಿದ್ದು ನನ್ನನ್ನ ಕಣೇ."

"ಅದು ಚಿಕ್ಕವ್ವ ಅಲ್ಲ, ಬರೀ ರೆಕಾರ್ಡು."

"ಗೊತ್ತು. ನಾನೇನ್ ದಡ್ಡೀನಾ? ಇನ್ನೊಂದ್ಸಲ ಹಾಕು."

ರಂಜಿತಾ ಹಾಕಿದಳು. ಕೂಗು ಬಂತು, ಭಾಗಮ್ಮ ಓಗೊಟ್ಟಳು. ಕೂದಲು ಕೆದರಿದ, ಕಣ್ಣಿಲ್ಲದ ಒಂದು ಮುಖ ಮಂಜು ಸೀಳಿಕೊಂಡು ಪರದೆಯ ತುಂಬ ಬಂತು. ಮಗಳು ಕಣ್ಣು ಮುಚ್ಚಿಕೊಂಡಳು. ತಾಯಿ ಮುಚ್ಚಲಿಲ್ಲ. ಅದು ಬರುವುದನ್ನೇ ಅವಳು ಕಾಯುತ್ತಿದ್ದಂತಿತ್ತು. ಪರದೆ ಕಪ್ಪಾದ ಮೇಲೂ ನೋಡುತ್ತಲೇ ನಿಂತಿದ್ದಳು.

ಈಗ ಪ್ರತಿ ಭಾನುವಾರ ಊಟವಾದ ಮೇಲೆ ಭಾಗಮ್ಮ ಸೆರಗಿಗೆ ಕೈ ಒರೆಸಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂರುತ್ತಾಳೆ. ರಂಜಿತಾಳ ಗೆಳೆಯ ನಂದನ್ ಇದೇ ಆಟ ಮುಗಿಸಿ ಎಷ್ಟೋ ದಿನವಾಯಿತು.

"ಮೂರ್ ತಿಂಗ್ಳಾಯ್ತಲ್ಲೇ, ಇನ್ನೂ ಆ ಕಾಡು ದಾಟ್ಲಿಲ್ವಾ? ಹೆದರುಪುಕ್ಲಿ! ಮೈಕ್ ಆಫ್ ಮಾಡು, ಎರಡು ನಿಮಿಷದ ಕೆಲ್ಸ."

"ನೋಡಾಣ," ಎನ್ನುತ್ತಾಳೆ ರಂಜಿತಾ.

ಅವಳು ಮೈಕ್ ಆಫ್ ಮಾಡಿಲ್ಲ.