ಚಂದ್ರಿಗಾಗಿ ಅತ್ತ ಬೈಲಹೊಂಗಲ

ಬಾಯಿ ಬಡಿದುಕೊಂಡರೆ ಪಗಾರ ಸಿಗುವ ಕೆಲಸ ಆಗಿನ ಬೈಲಹೊಂಗಲದಲ್ಲಿ ಎರಡೇ ಇದ್ದವು. ಒಂದು, ಹತ್ತಿ ಪ್ಯಾಟಿಯಲ್ಲಿ ಹರಾಜಿನ ಸವಾಲು ಕೂಗುವುದು. ಇನ್ನೊಂದು, ಬಸ್ ಸ್ಟ್ಯಾಂಡಿನ ಹಿಂದಿದ್ದ ಸಂಗಪ್ಪನ ವಿಡಿಯೋ ಗೇಮ್ ಅಂಗಡಿಯಲ್ಲಿ ವಾಸೀಮ್ ಮಾಡುತ್ತಿದ್ದ ಕೆಲಸ. ಮೊದಲನೆಯದಕ್ಕೆ ಮರ್ಯಾದೆ ಇತ್ತು. ಎರಡನೆಯದಕ್ಕೆ ಒಂದು ಸ್ಟೂಲು ಇತ್ತು.

ಆ ಸ್ಟೂಲಿಗೂ ಒಂದು ಕರಾರಿತ್ತು. ವಾಸೀಮನ ತಂದೆ ಹಜರತಸಾಬ ಲಾರಿ ಡ್ರೈವರ್. ಪಿಯುಸಿಯಲ್ಲಿ ಎರಡು ಸಲ ಡುಮಕಿ ಹೊಡೆದ ಮಗನನ್ನು ಕ್ಲೀನರ್ ಮಾಡಿ ಜೊತೆಗೆ ಒಯ್ಯಬೇಕೆಂಬುದು ಅವನ ಹಟ. ಲಾರಿಯ ಡೀಸೆಲ್ ವಾಸನೆಗೇ ವಾಂತಿ ಮಾಡಿಕೊಳ್ಳುತ್ತಿದ್ದ ಮಗನ ಪರವಾಗಿ ತಾಯಿ ಹಮೀದಾಬಿ ಅತ್ತಳು, ಉಪವಾಸ ಕೂತಳು, ಕೊನೆಗೆ ಗಂಡನ ಟಿಫಿನ್ ಡಬ್ಬಿಗೆ ಪಲ್ಯ ಹಾಕದೆ ಬರೀ ರೊಟ್ಟಿ ಕಳಿಸಿದಳು. ಹಜರತಸಾಬ ಸೋತು ಒಂದು ಮಾತು ಹೇಳಿದ: "ಆತು, ಕುಂದ್ರು ಆ ಅಂಗಡ್ಯಾಗ. ನಿನ್ನ ಮಾತು ಕೇಳಾಕ ಮಂದಿ ಬರೂತನಾ ಕುಂದ್ರು. ಬರೂದು ನಿಂತ ದಿನಾ ಸುಮ್ನ ಬಂದು ನನ್ನ ಗಾಡಿ ಹತ್ತು. ಆವತ್ತ ನಿಮ್ಮವ್ವ ನನಗ ಖಾಲಿ ಡಬ್ಬಿ ಕೊಟ್ಟರೂ ನಾ ಕೇಳಂಗಿಲ್ಲ."

ಸಂಗಪ್ಪನ ಅಂಗಡಿಯಲ್ಲಿ ಮೂರು ಟೀವಿ ಇದ್ದವು. ಎರಡರಲ್ಲಿ ಕುಸ್ತಿ ಮತ್ತು ಕಾರು. ತೊಂಬತ್ತೆಂಟರ ಸುಮಾರಿಗೆ ಅವನು ಬೆಳಗಾವಿಯಿಂದ ಇನ್ನೊಂದು ಸೀಡಿ ತಂದ. ರೋಲ್ ಪ್ಲೇಯಿಂಗ್ ಎಂಬ ಜಾತಿಯ ಆಟ, ಒಂದೇ ಆಟವನ್ನು ತಿಂಗಳುಗಟ್ಟಲೆ ಆಡಬಹುದು ಎಂದು ಮಾರಿದವನು ಹೇಳಿದ್ದ. ಆಟ ಶುರುವಾದಾಗ ಪರದೆಯ ಮೇಲೆ ಮೂಡಿದ್ದು ಜಪಾನಿ ಅಕ್ಷರ.

"ಇದೇನಲೇ ಇದು? ಕೋಳಿ ಕೆದರಿದಂಗ ಐತಿ" ಎಂದ ಸಂಗಪ್ಪ. "ಇದನ್ನ ಯಾರ ಓದಬೇಕು? ರೊಕ್ಕ ನೀರಾಗ ಹೋತು."

"ಓದೂದ್ಯಾಕ ಬೇಕ್ರಿ ಕಾಕಾ, ನಾ ಹೇಳತೇನಿ" ಎಂದ ವಾಸೀಮ್. ಅವನಿಗೆ ಜಪಾನಿ ಬರುತ್ತಿರಲಿಲ್ಲ. ಆದರೆ ಇಂಗ್ಲಿಷ್ ಬಾರದೆ ಎರಡು ಸಲ ಇಂಗ್ಲಿಷ್ ಪೇಪರ್ ಬರೆದವನಿಗೆ ಅದೊಂದು ಅಡ್ಡಿಯೇ ಅಲ್ಲ.

ಹಾಗೆ ಶುರುವಾಯಿತು. ಪರದೆಯಲ್ಲಿ ಹೆಬ್ಬೆಟ್ಟಿನಷ್ಟು ಗೊಂಬೆಗಳು ತುಟಿ ಅಲ್ಲಾಡಿಸುತ್ತಿದ್ದವು. ವಾಸೀಮ್ ಸ್ಟೂಲಿನ ಮೇಲೆ ಕೂತು ಬಟನ್ ಒತ್ತುತ್ತ ಅವಕ್ಕೆಲ್ಲ ನಮ್ಮ ಕಡೆಯ ಮಾತು ತುಂಬುತ್ತಿದ್ದ. ನಾಯಕನಿಗೆ ಮಲ್ಲ್ಯಾ ಎಂದು ಹೆಸರಿಟ್ಟ. ಮಲ್ಲ್ಯಾನ ಜೊತೆಗೆ ಆಡಿ ಬೆಳೆದ ಹುಡುಗಿ ಚಂದ್ರಿ. ಕಪ್ಪು ಕವಚ ತೊಟ್ಟ ವೈರಿಯ ಅರಮನೆ ನೋಡಿದವರೆಲ್ಲ ಚಚಡಿಯ ವಾಡೆಯಂತಿದೆ ಎಂದದ್ದರಿಂದ ಅವನು 'ವಾಡೇದ ದಣಿ' ಆದ. ನೀರು ಧುಮುಕುವ ಜಾಗ ನವಿಲುತೀರ್ಥದ ಡ್ಯಾಮಾಯಿತು. ಹುಲ್ಲುಕಡ್ಡಿ ಇಲ್ಲದ ಬಯಲು ಬಂದಾಗ ಸುರೇಬಾನದಿಂದ ಬಂದ ಗಿರಾಕಿಯೊಬ್ಬ ಸಿಟ್ಟಾಗಿ, "ಅದು ನಮ್ಮೂರಂತ ಮಾತ್ರ ಅನಬ್ಯಾಡ ನೋಡು" ಎಂದು ಮೊದಲೇ ಎಚ್ಚರಿಸಿದ.

ಈ ಜಾತಿಯ ಆಟದ ನೀತಿ ನಮ್ಮ ಮಂದಿಗೆ ಬಹಳ ಹಿಡಿಸಿತು. ನಾಯಕ ಕಂಡವರ ಮನೆಗೆ ನುಗ್ಗಿ ಗಡಿಗೆ ಒಡೆದು ಒಳಗಿನ ರೊಕ್ಕ ತೆಗೆದುಕೊಳ್ಳುತ್ತಾನೆ. ಮನೆಯವರು ಪಕ್ಕದಲ್ಲೇ ನಿಂತು ಹವಾಮಾನದ ಮಾತಾಡುತ್ತಾರೆ. ಬಾಸ್ ಎಂಬ ದೊಡ್ಡ ವೈರಿ ನೀನು ಎಷ್ಟು ತಡ ಮಾಡಿ ಹೋದರೂ ಕುರ್ಚಿ ಬಿಟ್ಟು ಏಳುವುದಿಲ್ಲ; ನೀನು ಕಪ್ಪೆ ಹೊಡೆದು, ಬಾವಲಿ ಹೊಡೆದು, ಮೈಯಲ್ಲಿ ಶಕ್ತಿ ತುಂಬಿಕೊಂಡು ಬರುವ ತನಕ ಕಾಯುತ್ತಾನೆ. ಅವನ ಬಾಗಿಲಿಗೆ ಹತ್ತಿಕೊಂಡೇ ಒಂದು ಔಷಧದ ಅಂಗಡಿ. ಇಂಥ ಸಭ್ಯ ವೈರಿ ಸವದತ್ತಿ ತಾಲೂಕಿನಲ್ಲೂ ಇಲ್ಲ, ರಾಮದುರ್ಗದಲ್ಲೂ ಇಲ್ಲ ಎಂದು ಹತ್ತಿ ಪ್ಯಾಟಿಯ ಹಮಾಲರು ಒಪ್ಪಿದರು.

ವಾಸೀಮ್ ಮಾತ್ರ ಬಾಸಿನ ಸಭ್ಯತೆಯನ್ನು ಗುರುತಿಸಿದ್ದು ಬೇರೆ ಕಾರಣಕ್ಕೆ. ಬಾಸ್ ಬರುವ ಮೊದಲು ಸಂಗೀತ ಬದಲಾಗುತ್ತದೆ. ಕೊಳಲು ನಿಲ್ಲುತ್ತದೆ, ಕೆಳಗಿನಿಂದ ಡೋಲು ಏಳುತ್ತದೆ, ನಿನ್ನ ಎದೆ ತಾನಾಗಿ ಗಟ್ಟಿಯಾಗುತ್ತದೆ. ಅವನ ಕಥೆಯೆಲ್ಲ ನಿಂತದ್ದು ಆ ಸಂಗೀತದ ಮೇಲೆ. ಯಾರು ಒಳ್ಳೆಯವನು, ಯಾರು ಮೋಸಗಾರ, ಯಾರಿಗೆ ಯಾರ ಮೇಲೆ ಮನಸ್ಸು, ಎಲ್ಲವನ್ನೂ ಅವನು ಕಿವಿಯಿಂದಲೇ ಕಂಡುಹಿಡಿಯುತ್ತಿದ್ದ. "ಮಾತು ಸುಳ್ಳು ಹೇಳತೈತ್ರಿ" ಎನ್ನುತ್ತಿದ್ದ, "ಬಾಜಾ ಹೇಳಂಗಿಲ್ಲ."

ಆಟದ ನಡುಮಧ್ಯ ಒಂದು ಸಂಜೆ ಚಂದ್ರಿ ಬಿಳಿ ಬಟ್ಟೆಯಲ್ಲಿ ಬಂದಳು. ದೊಡ್ಡ ಕಲ್ಲಿನ ಮನೆ. ಎರಡೂ ಕಡೆ ಕರಿ ಬಟ್ಟೆಯವರು ತಲೆ ಬಗ್ಗಿಸಿ ನಿಂತಿದ್ದರು. ಗಂಟೆ ಬಾರಿಸಿತು. ಹಾರ್ಮೋನಿಯಂನ ಅಜ್ಜನಂಥ ಒಂದು ವಾದ್ಯ ನಿಧಾನವಾಗಿ, ಎದೆ ಹಿಂಡುವಂತೆ ನುಡಿಯಿತು. ಮೇಲಿಂದ ಹೂವು ಉದುರಿದವು. ಪರದೆ ಬೆಳ್ಳಗಾಯಿತು. ಅಲ್ಲಿಂದ ಮುಂದೆ ಚಂದ್ರಿ ಆಟದಲ್ಲಿ ಕಾಣಿಸಲೇ ಇಲ್ಲ.

ವಾಸೀಮ್ ಬಟನ್ ಬಿಟ್ಟು ಲೆಕ್ಕ ಹಾಕಿದ. ಬಿಳಿ ಬಟ್ಟೆ, ಗಂಟೆ, ಮೈಮೇಲೆ ಹೂವು, ತಲೆ ತಗ್ಗಿಸಿದ ಮಂದಿ. ಇನ್ನೇನಿರಲು ಸಾಧ್ಯ?

"ಸತ್ಳು" ಎಂದ. "ದಣಿ ವಿಷಾ ಹಾಕಿದ. ಹೋಗೂ ಮುಂದ ಆಕಿ ಮಲ್ಲ್ಯಾನ ಕರದು ಅಂತಾಳ, 'ನನ್ನ ಮಣ್ಣಿಗೆ ನೀ ಬರಬ್ಯಾಡ. ಬಂದರ ನನಗ ಹೋಗಾಕ ಮನಸಾಗಂಗಿಲ್ಲ.'"

ಆ ಮಾತು ಎಲ್ಲಿಂದ ಬಂತೋ ಅವನಿಗೇ ಗೊತ್ತಿಲ್ಲ. ಹಮಾಲರು ತಲೆಯ ರುಮಾಲು ಬಿಚ್ಚಿ ಕಣ್ಣೊರೆಸಿಕೊಂಡರು. ಬಾಗಿಲ ಹೊರಗೆ ಮಿರ್ಚಿ ಬಜಿ ಕರಿಯುತ್ತಿದ್ದ ಶಟ್ಟೆವ್ವ ಜಾಲರಿ ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬಂದು, "ಹಾಟ್ಯಾ! ಹೂವಿನಂಥಾ ಹುಡಿಗಿನ್ನ ಕೊಂದನಲ್ಲೋ!" ಎಂದು ಟೀವಿಗೆ ಶಾಪ ಹಾಕಿದಳು. ಒಂದು ಒಬ್ಬೆ ಮಿರ್ಚಿ ಸುಟ್ಟು ಹೋದವು. ಅವನ್ನೂ ಮಂದಿ ದುಃಖದಲ್ಲಿ ತಿಂದರು.

ಅಂದಿನಿಂದ ಸಂತೆಯ ದಿನ ಸಂಗಪ್ಪನ ಅಂಗಡಿಯಲ್ಲಿ ಕಡೇ ಕಾಳಗದ ಪ್ರದರ್ಶನ. ಆಟವನ್ನು ಬಾಸಿನ ಬಾಗಿಲ ತನಕ ತಂದು ನಿಲ್ಲಿಸಿ ಇಡುವ ಸೌಕರ್ಯ ಇತ್ತಾದ್ದರಿಂದ ಪ್ರತಿ ಸಂತೆಗೂ ಅದೇ ದಣಿ, ಅದೇ ಸಾವು. ಕಿತ್ತೂರಿನಿಂದಲೂ ಮಂದಿ ಬಸ್ಸು ಹಿಡಿದು ಬರುತ್ತಿದ್ದರು. ದಣಿ ಮೊದಲು ಕಪ್ಪು ಕವಚದಲ್ಲಿ ಕಾದುತ್ತಾನೆ. ಅವನು ಮೊಳಕಾಲೂರಿದ ಮೇಲೆ, ಬಾಸುಗಳಿಗೆಲ್ಲ ಇರುವ ಚಾಳಿಯಂತೆ, ಎರಡನೇ ರೂಪ ಏಳುತ್ತದೆ. ಬೆಳ್ಳನೆಯ ಬೆಳಕು, ರೆಕ್ಕೆ, ಮುಖ ಕಾಣದಷ್ಟು ಪ್ರಭೆ. "ನೋಡ್ರಿ, ರಾಕ್ಷಸನ ಅಸಲಿ ರೂಪಾ!" ಎಂದು ವಾಸೀಮ್ ಕೂಗುತ್ತಿದ್ದ. ಮಂದಿ ಸೀಟಿ ಹೊಡೆಯುತ್ತಿದ್ದರು. "ಹೊಡಿ ಮಲ್ಲ್ಯಾ! ಚಂದ್ರಿ ಸಲುವಾಗಿ ಹೊಡಿ!"

ಒಂದೇ ಒಂದು ವಿಷಯ ವಾಸೀಮನ ಕಿವಿಗೆ ಮುಳ್ಳಾಗಿತ್ತು. ಎರಡನೇ ರೂಪ ಏಳುವಾಗಿನ ಸಂಗೀತ ಹೊಸದಲ್ಲ. ಚಂದ್ರಿಯ ಮಣ್ಣಿನ ದಿನ ನುಡಿದದ್ದೇ ರಾಗ, ಓಟಕ್ಕೆ ಹಚ್ಚಿದಂತೆ ಜೋರಾಗಿ ಬರುತ್ತಿತ್ತು. ಆಕೆಯ ಬಾಜಾ ರಾಕ್ಷಸನ ಮೈಯಲ್ಲಿ ಯಾಕೆ? ಎರಡು ಸಂತೆ ಯೋಚಿಸಿ ಉತ್ತರ ಹೊಂದಿಸಿಕೊಂಡ: ಆಕೆಯನ್ನು ಕೊಂದ ಪಾಪ ದಣಿಯ ಬೆನ್ನು ಹತ್ತಿದೆ. ಮಂದಿ ತಲೆದೂಗಿದರು. ತಾನು ಹೇಳಿದ್ದಕ್ಕೆ ಮಂದಿ ತಲೆದೂಗಿದ ಮೇಲೆ ಯಾರು ತಾನೇ ಮತ್ತೆ ಯೋಚಿಸುತ್ತಾರೆ? ನಮ್ಮೂರಲ್ಲಂತೂ ಆ ಪದ್ಧತಿ ಇಲ್ಲ.

ಎರಡು ಸಾವಿರದ ಎರಡರ ಬೇಸಿಗೆಯಲ್ಲಿ ಸಂಗಪ್ಪನ ಅಕ್ಕನ ಮಗ ಅರ್ಜುನ ಬಂದ. ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ, ಸಂಭಾವಿತ ಹುಡುಗ. ಒಂದು ಸಂತೆಯ ದಿನ ಮಂದಿಯ ಹಿಂದೆ ನಿಂತು ನೋಡಿ, "ಇದರ ಕಥಿ ಬ್ಯಾರೆ ಇರಬೇಕು ಮಾಮಾ" ಎಂದ. ಮಂದಿ ತಿರುಗಿಬಿದ್ದರು.

"ನೀ ಯಾವಾಗ ಹೋಗಿದ್ದಿ ಜಪಾನಿಗೆ?" ಎಂದ ದುರ್ಗಪ್ಪ ಎಂಬ ಹಮಾಲ.

"ವಾಸೀಮ್ ಹೋಗಿದ್ನೇನು?"

"ಅವಗ ಹೋಗೂ ಜರೂರ ಇಲ್ಲ. ಅವಗ ಕಿವಿ ಅದಾವ."

ಅರ್ಜುನ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ವಾಸೀಮ್ ಗೆದ್ದೆನೆಂದುಕೊಂಡ. ಅಷ್ಟು ವರ್ಷ ಆ ಆಟ ಆಡಿದವನಿಗೆ ಗೊತ್ತಿರಬೇಕಿತ್ತು, ಮೊಳಕಾಲೂರಿದವರು ಎರಡನೇ ರೂಪದಲ್ಲಿ ಏಳುತ್ತಾರೆಂದು. ಆದರೆ ಈ ಸಲ ಡೋಲು ಬಾರಿಸಲಿಲ್ಲ. ಮುಂದಿನ ಸಂತೆಗೆ ಅರ್ಜುನ ಸೈಕಲ್ ಮೇಲೆ, ಬಾಳೆಹಣ್ಣು ತಿನ್ನುತ್ತ ಬಂದು, ಕಿಸೆಯಿಂದ ಅದೇ ಆಟದ ಇಂಗ್ಲಿಷ್ ಸೀಡಿ ಮತ್ತು ಆಟವನ್ನು ಬೇಕಾದ ಜಾಗದಲ್ಲಿ ನಿಲ್ಲಿಸಿಟ್ಟ ಕಾರ್ಡು ತೆಗೆದ.

ಬಿಳಿ ಬಟ್ಟೆಯ ದೃಶ್ಯ ಬಂತು. ಈ ಸಲ ಕೆಳಗೆ ಇಂಗ್ಲಿಷ್ ಇತ್ತು. ಅರ್ಜುನ ಓದಿ ಹೇಳಿದ: "ಇದು ಮದುವೆ, ದಣಿಯ ಜೊತೆ. ಆಕೆ ಹೇಳುತ್ತಾಳೆ, 'ಯುದ್ಧ ನಿಲ್ಲಲೆಂದು ಬಂದೆ. ಆದರೆ ಇವರನ್ನು ನೋಡಿದ ಮೇಲೆ ನನ್ನ ಮನಸ್ಸಿನಿಂದಲೇ ಕೈ ಹಿಡಿಯುತ್ತಿದ್ದೇನೆ.'"

"ಬಿಳಿ ಅರವ್ಯಾಗ ಮದುವ್ಯಾ?" ಎಂದ ದುರ್ಗಪ್ಪ.

"ಸಿನಿಮಾದಾಗರ ನೋಡಿಲ್ಲೇನ್ರೋ ಕ್ರಿಶ್ಚನ್ನರ ಮದುವಿ? ಬಿಳಿ ಅರವಿ ಉಟ್ಕೋತಾರ" ಎಂದ ಅರ್ಜುನ. ಎಲ್ಲರೂ ನೋಡಿದ್ದರು. ಟಾಕೀಸಿನಲ್ಲಿ ನೋಡಿದ್ದನ್ನು ಸಂಗಪ್ಪನ ಅಂಗಡಿಯಲ್ಲಿ ನೆನೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಓದು ಬಂದವರಿಗೆ ಓದು ಮುಗಿಸುವ ಚಟ. ಕಡೇ ಕಾಳಗದ ತನಕ ಹೋದ. ದಣಿ ಮೊಳಕಾಲೂರಿದ. ಬೆಳ್ಳನೆಯ ಬೆಳಕು ಎದ್ದಿತು, ಆ ರಾಗ ಜೋರಾಗಿ ಬಂತು. ಅರ್ಜುನ ಓದಿದ: "'ನನ್ನ ಗಂಡನನ್ನು ಮುಟ್ಟಬೇಕಾದರೆ ಮೊದಲು ನನ್ನನ್ನು ಕೊಲ್ಲು.' ಎರಡನೇ ರೂಪ ದಣೀದಲ್ಲ. ಆಕೀನ ಅದು. ಚಂದ್ರಿ."

ಯಾರೂ ಸೀಟಿ ಹೊಡೆಯಲಿಲ್ಲ. ನಾಲ್ಕು ವರ್ಷ, ಸಂತೆ ಸಂತೆಗೆ, ಚಂದ್ರಿಯ ಸಲುವಾಗಿ ಚಂದ್ರಿಯನ್ನೇ ಹೊಡೆದಿದ್ದರು.

ದುರ್ಗಪ್ಪ ಮೊದಲು ಎದ್ದ. "ಸುಳ್ಳು ಹೇಳಿ ಅಳಿಸಿದ್ಯಲ್ಲೋ ಮಗನ. ನಮ್ಮವ್ವ ಸತ್ತಾಗೂ ನಾ ಅಷ್ಟು ಅತ್ತಿದ್ದಿಲ್ಲ." ಇನ್ನೊಬ್ಬ ಬಾಗಿಲಲ್ಲಿ ನಿಂತು, "ಕಿವಿ ಅದಾವಂತ, ಕಿವಿ!" ಎಂದು ನಕ್ಕ. ವಾಸೀಮನಿಗೆ ನಗೆ ತಾಗಲಿಲ್ಲ. ಬಾಜಾ ನಿಜವನ್ನೇ ಹೇಳಿತ್ತು. ಪ್ರತಿ ಸಂತೆಗೂ, ಕಿವಿಗೆ ಬಾಯಿಟ್ಟು ಹೇಳಿತ್ತು. ಅವನು ಅದರ ಮೇಲೆ ಮಾತು ಹೊದಿಸಿ ಮಂದಿಯ ಕಡೆ ತಿರುಗಿದ್ದ.

ಸಂಗಪ್ಪ ವ್ಯಾಪಾರಿ. ಮುಂದಿನ ಸಂತೆಗೆ ಅರ್ಜುನನನ್ನೇ ಸ್ಟೂಲಿನ ಮೇಲೆ ಕೂರಿಸಿದ. ಅರ್ಜುನ ಇದ್ದದ್ದನ್ನು ಇದ್ದ ಹಾಗೆ, ಪಠ್ಯಪುಸ್ತಕದ ಕನ್ನಡದಲ್ಲಿ ಹೇಳಿದ. 'ಆಗ ನಾಯಕನು ಬಹಳ ದುಃಖಿತನಾಗುತ್ತಾನೆ' ಎಂದ. ಹಮಾಲರು ಆಕಳಿಸಿದರು. ಅದರ ಮುಂದಿನ ಸಂತೆಗೆ ಅರ್ಧ ಮಂದಿ ಬಂದರು. ಆಮೇಲೆ ಅರ್ಜುನನ ರಜೆ ಮುಗಿಯಿತು. ನಿಜ ಯಾರಿಗೂ ಬೇಕಿರಲಿಲ್ಲ. ಸುಳ್ಳು ಎಂದು ಗೊತ್ತಾದ ಮೇಲೆ ಸುಳ್ಳನ್ನು ಕೇಳುವ ಧೈರ್ಯವೂ ಉಳಿದಿರಲಿಲ್ಲ. ಸಂಗಪ್ಪ ಮೂರನೇ ಟೀವಿಗೂ ಬಂದೂಕಿನ ಆಟ ಹಾಕಿಸಿದ. ಗುಂಡು ಹಾರಿಸುವವರಿಗೆ ಕಥೆ ಹೇಳುವವನು ಬೇಡ, ಸ್ಟೂಲೂ ಬೇಡ. ಅದನ್ನು ಒಳಗೆ ಗೋಡೆಗೆ ಸರಿಸಿ ಅದರ ಮೇಲೆ ಕುಡಿಯುವ ನೀರಿನ ಕೊಡ ಇಟ್ಟರು.

"ನಾ ಏನ್ ಬ್ಯಾಡ ಅನ್ನಂಗಿಲ್ಲಪಾ" ಎಂದ ಸಂಗಪ್ಪ, ಮುಖ ನೋಡದೆ. "ಆದ್ರ ಮಂದಿ ಬರವಲ್ರು. ಏನ್ ಮಾಡೂದು ಹೇಳು."

ಮರುದಿನ ಮುಂಜಾನೆ ಹಜರತಸಾಬ ಹಳೇ ಕರಾರಿನಂತೆ, ಗೊಬ್ಬರದ ಚೀಲ ತುಂಬಿಕೊಂಡು ರಾಮದುರ್ಗಕ್ಕೆ ಹೊರಡುವ ಲಾರಿಯನ್ನು ಬಸ್ ಸ್ಟ್ಯಾಂಡಿನ ಹಿಂದಿನ ಓಣಿಗೇ ತಂದು ನಿಲ್ಲಿಸಿದ. ಹಮೀದಾಬಿ ಈ ಸಲ ಎರಡು ಡಬ್ಬಿ ಕಟ್ಟಿದ್ದಳು. ಎರಡರಲ್ಲೂ ಪಲ್ಯ ಇತ್ತು.

ಶಟ್ಟೆವ್ವ ಎಣ್ಣೆ ಕಾಯಲು ಇಟ್ಟು ಕೂತಿದ್ದಳು. "ಎಲ್ಲಿಗ್ಯೋ ವಾಸ್ಯಾ? ಇನ್ನ ಕಥಿ ಇಲ್ಲೇನು?"

"ಕಥಿ ಮುಗೀತಬೇ. ಆಕಿ ಸತ್ತಿದ್ದಿಲ್ಲ. ಅದು ಮದುವಿ."

ಶಟ್ಟೆವ್ವ ಹಿಟ್ಟು ಕಲಸುವುದನ್ನು ನಿಲ್ಲಿಸಿ ಸ್ವಲ್ಪ ಯೋಚಿಸಿದಳು. "ಬಿಳೀ ಸೀರಿ ಉಟ್ಟು, ಎಲ್ಲಾರೂ ತಲಿ ಬಗ್ಗಿಸಿ ನಿಂತು, ಆಮ್ಯಾಲ ಹುಡಿಗಿ ಯಾರ ಕಣ್ಣಿಗೂ ಬೀಳಲಿಲ್ಲಲ್ಲ? ನನ್ನ ಮದುವ್ಯಾಗ ಸೀರಿ ಒಂದು ಕೆಂಪು ಇತ್ತು, ಉಳಿದಿದ್ದೆಲ್ಲಾ ಹಂಗ ಇತ್ತು. ನೀ ಹೇಳಿದ್ದೇನ್ ತಪ್ಪು? ಮುಂದ ಹೇಳು."

ಸುಳ್ಳು ಬಯಲಾದ ಮೇಲೆ ಅವನ ಪರವಾಗಿ ನಿಂತ ಒಂದೇ ಸಾಕ್ಷಿ. ವಾಸೀಮ್ ಬಾಯಿ ತೆರೆದ. ಮಲ್ಲ್ಯಾ ನವಿಲುತೀರ್ಥ ದಾಟಿ ಹೊರಟ ಜಾಗದಿಂದ ಶುರು ಮಾಡಬೇಕೆಂದುಕೊಂಡ. ಬಾಯಿಗೆ ಬಂದದ್ದು ಅರ್ಜುನ ಓದಿದ ಮದುವೆಯ ಸಾಲು, ಅಕ್ಷರ ತಪ್ಪದೆ. ಅದನ್ನೇ ಹೇಳಿದ. ಅದು ಅರ್ಜುನನ ಬಾಯಲ್ಲಿ ಕೇಳಿಸಿದ ಹಾಗೆಯೇ ಕೇಳಿಸಿತು.

"ಹೂಂ" ಎಂದಳು ಶಟ್ಟೆವ್ವ, ಮುದುಕಿಯರು ಬಸ್ಸಿನ ಬೋರ್ಡು ಓದಿಸಿಕೊಂಡು ಅನ್ನುವ ಹಾಗೆ. ಎಣ್ಣೆ ಕಾದಿತ್ತು. ಮೊದಲನೇ ಮಿರ್ಚಿ ಬಿಟ್ಟಳು.

ಓಣಿ ಇಕ್ಕಟ್ಟು, ಲಾರಿ ಹಿಂದಕ್ಕೇ ಹೋಗಬೇಕು. ಹಜರತಸಾಬ ಇಂಜಿನ್ ಶುರು ಮಾಡಿ ಕಿಟಕಿಯಿಂದ ತಲೆ ಹೊರಗೆ ಹಾಕಿದ. ವಾಸೀಮ್ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಹಿಂದಿನ ಚಕ್ರದ ಹತ್ತಿರ ನಿಂತು, ತಗಡು ಬಡಿಯುತ್ತ ಕೂಗತೊಡಗಿದ. "ಬರ್ಲಿ… ಬರ್ಲಿ… ಎಡಕ್ಕ ಕಟ್ ಮಾಡ್ರಿ… ಬರ್ಲಿ!" ಸ್ಟ್ಯಾಂಡಿನಲ್ಲಿ ಕೂತವರು ತಿರುಗಿ ನೋಡಿದರು. ಲಾರಿ ಎಲ್ಲಿಯೂ ತಾಗದೆ ಬಯಲಿಗೆ ಬಂತು. ಅವನು ಗಾಡಿ ಹತ್ತಿ ಪಕ್ಕದಲ್ಲಿ ಕೂತ ಮೇಲೆ ಹಜರತಸಾಬ ಗೇರು ಹಾಕುತ್ತ, ನಿಜವಾದ ಸಂತೋಷದಿಂದ ಹೇಳಿದ:

"ಇಷ್ಟು ಚಲೋ ದನಿ ಇಟ್ಕೊಂಡು, ಬೇಟಾ, ಇಷ್ಟು ವರ್ಷ ಎಲ್ಲಿ ಹಾಳ ಮಾಡಿದಿ?"