ಬರ್ರಿ ಸ್ಟೂಲಿನ ಕೊಟ್ರಪ್ಪಣ್ಣ

ಕೊಟ್ರಪ್ಪಣ್ಣ ಯಾರನ್ನು ಕಂಡರೂ ಮೊದಲು ಕಾಲು ನೋಡುತ್ತಿದ್ದರು, ಮುಖ ಆಮೇಲೆ. ಹರಿಹರದ ನಮ್ಮ ಓಣಿಯಲ್ಲಿ ಅವರೆದುರು ಹೋಗಿ ನಿಂತರೆ ಅವರ ಕಣ್ಣು ನಮ್ಮ ಹಿಮ್ಮಡಿಯಿಂದ ಹೊರಟು, ಮೊಣಕಾಲಿಗೆ ಬಂದು, ಸೊಂಟದ ಹತ್ತಿರ ಒಂದು ಗಳಿಗೆ ನಿಂತು, ಕೊನೆಗೆ ಮುಖಕ್ಕೆ ಏರುತ್ತಿತ್ತು. "ಓ, ನೀನೇನವ್ವ" ಎನ್ನುತ್ತಿದ್ದರು, ಕಾಲಿನಿಂದಲೇ ಗುರುತು ಹಿಡಿದವರಂತೆ.

ಅವರದು ಬಿದಿರು ಹೆಣೆಯುವ ಮನೆತನ. ನಮ್ಮವ್ವನಿಗೆ ಅವರು ಹೆಣೆದುಕೊಟ್ಟ ಬುಟ್ಟಿ ನಮ್ಮವ್ವನ ಸೊಂಟದ ಮೇಲೆ ಮಾತ್ರ ಕೂರುತ್ತಿತ್ತು. ದೊಡ್ಡವ್ವ ಎತ್ತಿಕೊಂಡರೆ ಜಾರುತ್ತಿತ್ತು. ಅಳತೆಗೆ ಟೇಪು ಮುಟ್ಟಿದವರಲ್ಲ. ಕಿವಿಯ ಹಿಂದೆ ಒಂದು ಬಿದಿರಿನ ಸೀಳು ಸಿಕ್ಕಿಸಿಕೊಂಡಿರುತ್ತಿದ್ದರು, ಅದರ ತುಂಬ ಗೀರುಗಳು. ಯಾವ ಗೀರು ಯಾರದು ಎಂದು ಅವರಿಗಷ್ಟೇ ಗೊತ್ತು. ಕೂಸಿನ ತೊಟ್ಟಿಲು ಹೆಣೆಯುವಾಗ ಮಾತ್ರ ಅಳತೆ ಮೀರಿ ಕಾಲ ಕಡೆ ನಾಲ್ಕು ಬೆರಳು ಬಿಡುತ್ತಿದ್ದರು. ಯಾಕೆಂದು ಕೇಳಿದರೆ "ಬೆಳೀತಾವೆ ಬಿಡ್ರಿ" ಎನ್ನುತ್ತಿದ್ದರು.

ಆಗ ಪ್ಲಾಸ್ಟಿಕ್ಕು ನಮ್ಮ ಕಡೆಗೆ ಹೊಸದಾಗಿ ಬಂದಿತ್ತು. ಸಂತೆಯಲ್ಲಿ ಬಣ್ಣದ ಬಕೆಟ್ಟು, ಬುಟ್ಟಿ ಕಾಣಿಸಿಕೊಂಡ ಮೇಲೆ ಕೊಟ್ರಪ್ಪಣ್ಣನ ಬಿದಿರು ಬುಟ್ಟಿಗಳು ಜಗುಲಿಯ ಮೇಲೇ ಉಳಿಯತೊಡಗಿದವು. ಅವರು ಹೆಚ್ಚು ದಿನ ಯೋಚಿಸಲಿಲ್ಲ. ಎಲ್ಲಿಂದಲೋ ಪ್ಲಾಸ್ಟಿಕ್ ವೈರಿನ ಸುರುಳಿಗಳನ್ನು ತಂದರು, ಪರಿಚಯದ ವೆಲ್ಡಿಂಗಿನವರಿಂದ ಕಬ್ಬಿಣದ ಚೌಕಟ್ಟು ಮಾಡಿಸಿದರು, ಎರಡು ಕುರ್ಚಿ ಹೆಣೆದು ಬಾಗಿಲ ಮುಂದಿಟ್ಟರು. ಓಣಿಗೆ ಓಣಿಯೇ ಬಂದು ನೋಡಿತು, ಒಬ್ಬರೂ ಕೂರಲಿಲ್ಲ. "ಈ ದಾರದ ಮ್ಯಾಲೆ ಕುಂತ್ರೆ ಸೀದಾ ನೆಲಕ್ಕೇ ಹೋಗ್ತೀವಿ" ಎಂದು ನಕ್ಕರು. ಜೊತೆಗೇ ಹೆಣೆಯುತ್ತಿದ್ದ ಅವರ ಅಣ್ಣನಂತೂ, ಮನೆತನದ ಬಿದಿರು ಬಿಟ್ಟರೆಂದು ಮಾತೇ ಬಿಟ್ಟಿದ್ದ.

ಅದೇ ವರ್ಷ ನಾನು ಮದುವೆಯಾಗಿ ದಾವಣಗೆರೆಗೆ ಬಂದೆ. ಹತ್ತಿ ಮಿಲ್ಲಿನ ಹತ್ತಿರ ನಮ್ಮ ಮಾವನವರ ದೋಸೆ ಹೋಟೆಲು, ಅದರ ಹಿಂದೆಯೇ ಮನೆ. ಅಡುಗೆಮನೆಯ ಬಾಗಿಲಲ್ಲಿ ನಿಂತರೆ ಹೋಟೆಲು ಪೂರ್ತಿ ಕಾಣುತ್ತಿತ್ತು. ಮಾವನವರು ಬೆಂಗಳೂರಿಗೆ ಹೋಗಿ ಬಂದವರು ಅಲ್ಲಿ ಜನ ಎತ್ತರದ ಸ್ಟೂಲಿನ ಮೇಲೆ ಕೂತು ಕಾಫಿ ಕುಡಿಯುವುದನ್ನು ನೋಡಿದ್ದರು. ಬಂದ ವಾರದಲ್ಲೇ ಎದೆಮಟ್ಟದ ಕಡಪ ಕಲ್ಲಿನ ಕಟ್ಟೆ ಕಟ್ಟಿಸಿದರು. "ಬಾರ್ ಸ್ಟೂಲ್ ಅಂತಾರೆ ಅದಕ್ಕೆ. ಇಲ್ಲಿ ಯಾರು ಮಾಡ್ತಾರೋ" ಎಂದು ಊಟಕ್ಕೆ ಕೂತಾಗ ಅಂದರು. ಅತ್ತೆ ಬಾರ್ ಎಂಬ ಮಾತಿಗೇ ಮುಖ ಗಂಟಿಕ್ಕಿಕೊಂಡರು. ಆ ಮನೆಗೆ ಬಂದು ಮೂರು ತಿಂಗಳಾಗಿದ್ದರೂ ಕೇಳಿದ್ದಕ್ಕೆ ಹ್ಞೂಂ, ಉಹ್ಞೂಂ ಬಿಟ್ಟರೆ ನಾನು ಮಾತಾಡಿದವಳಲ್ಲ. ಅವತ್ತು ಯಾಕೋ ಬಾಯಿಂದ ಬಂದುಬಿಟ್ಟಿತು: "ನಮ್ಮ ಹರಿಹರದಾಗೆ ಒಬ್ರು ಅದಾರ್ರಿ ಮಾವ."

ಮಾವ ಹೇಳಿಕಳಿಸಿದರು, ಕೊಟ್ರಪ್ಪಣ್ಣ ಬಂದರು. ಮಾವನವರ ಕಾಲು ನೋಡಿ, ಆಮೇಲೆ ಮುಖ ನೋಡಿ, ಕೈ ಮುಗಿದರು.

"ಬಾರ್ ಸ್ಟೂಲ್ ಗೊತ್ತೇನಪ್ಪ?" ಮಾವ ಕೇಳಿದರು.

"ಬಾರೋ ಅಂತ ಕರಿಯೋ ಸ್ಟೂಲೇನ್ರಿ? ಚಲೋ ಹೆಸರಿಟ್ಟಾರೆ. ಆದ್ರೆ ಗಿರಾಕಿಗೆ ಬಾರೋ ಅಂದ್ರೆ ಬೇಜಾರಾಗ್ತಾರೆ ಸಾವ್ಕಾರ್ರೆ. ಬರ್ರಿ ಸ್ಟೂಲು ಅನ್ನೋಣ."

ಒಳಗೆ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅಲ್ಲಿಗೆ ಬಾರಿನ ಚಿಂತೆ ಹೋಯಿತು.

ಆರು ಸ್ಟೂಲು ಬೇಕೆಂದು ಹೇಳಿ, ಕಟ್ಟೆಯ ಎತ್ತರ ತೋರಿಸಿ, ಮಾವ ತಮ್ಮ ಕೆಲಸಕ್ಕೆ ಹೋದರು. ಕೊಟ್ರಪ್ಪಣ್ಣ ಹೋಗಲಿಲ್ಲ. ಎರಡು ದಿನ ಬೆಳಿಗ್ಗೆ ಮೂಲೆಯಲ್ಲಿ ಒಂದು ಚಾ ಹಿಡಿದು ಕೂತರು. ದಿನಾ ಬರುವವರಲ್ಲಿ ಆರು ಜನರನ್ನು ಗುರುತು ಮಾಡಿಕೊಂಡರು. ಅವರು ತಿಂದು ಏಳುವಾಗ ಪಕ್ಕದಲ್ಲಿ ನಿಂತು ಬಿದಿರಿನ ಸೀಳಿಗೆ ಉಗುರಿನಲ್ಲಿ ಗೀರು ಹಾಕಿಕೊಂಡರು. ಹೊರಡುವ ಮುಂಚೆ ನೀರು ಕೇಳಲು ಅಡುಗೆಮನೆ ಬಾಗಿಲಿಗೆ ಬಂದರು. ನಾನು ತಂಬಿಗೆ ಕೊಟ್ಟೆ. ಕುಡಿದು, ನನ್ನ ಕಾಲ ಕಡೆ ನೋಡಿ, "ಇಡೀ ದಿನ ನಿಂತೇ ಇರ್ತೀಯೇನವ್ವ?" ಎಂದು ಕೇಳಿದರು. ನಾನು ನಕ್ಕು ತಂಬಿಗೆ ಇಸಿದುಕೊಂಡೆ.

ಹದಿನೈದು ದಿನಕ್ಕೆ ಬೆಳಿಗ್ಗೆ ಬೆಳಿಗ್ಗೆಯೇ ಸ್ಟೂಲುಗಳು ಬಂದವು. ಹಸಿರು, ಹಳದಿ, ಕೆಂಪು ವೈರು, ಬಿದಿರಿನ ಕೆಲಸದಷ್ಟೇ ಬಿಗಿಯಾದ ಹೆಣಿಗೆ. ಕಟ್ಟೆಯ ಮುಂದೆ ಸಾಲಾಗಿ ಇಟ್ಟಾಗ ಮಾವನವರ ಮುಖದಲ್ಲಿದ್ದ ಖುಷಿ ಇಳಿದುಹೋಯಿತು. ಆರಕ್ಕೆ ಆರೂ ಬೇರೆ ಬೇರೆ ಎತ್ತರ.

"ಏನೋ ಕೊಟ್ರಪ್ಪ, ಸ್ಟೂಲ್ ಮಾಡು ಅಂದ್ರೆ ಮಾಳಿಗೆ ಮೆಟ್ಲು ಮಾಡ್ಕಂಡು ಬಂದೀಯಲ್ಲ. ಒಂದರಂಗೆ ಒಂದಿಲ್ಲ."

"ಮಂದೀನೂ ಒಬ್ಬರಂಗೆ ಒಬ್ರಿಲ್ರಿ ಸಾವ್ಕಾರ್ರೆ."

"ನೋಡ್ದೋರು ನಗಲ್ವೇನೋ?"

"ಬರೇ ಸ್ಟೂಲ್ ನೋಡಬ್ಯಾಡ್ರಿ. ಮಂದಿ ಕೂಡ್ಲಿ, ಆಮೇಲೆ ಬೈರಿ."

ಮಾವ ತಿರುಗಿ ನನ್ನ ಕಡೆ ನೋಡಿದರು. "ಇವ್ರನ್ನೇ ಏನಮ್ಮ ನೀನು ಹೇಳಿದ್ದು?" ಅತ್ತೆ ಸೌಟನ್ನು ಸದ್ದಾಗುವಂತೆ ಇಟ್ಟರು. ಸ್ಟೂಲು ವಾಪಸು ಹೋದರೆ ಕೊಟ್ರಪ್ಪಣ್ಣ ಅವನ್ನು ಅದೇ ನಗುವ ಓಣಿಯಲ್ಲಿ ಹೊತ್ತುಕೊಂಡು ಹೋಗಬೇಕು. ಇನ್ನೊಂದು ಕೆಲಸ ಅವರಿಗೆ ಯಾರು ಕೊಟ್ಟಾರು? ಆ ಮನೆಯಲ್ಲಿ ನಾನಾಡಿದ ಮೊದಲ ಮಾತೂ ಅವುಗಳ ಜೊತೆಗೇ ವಾಪಸು ಹೋಗುವುದಿತ್ತು.

ಅಷ್ಟರಲ್ಲಿ ದಿನದ ಗಿರಾಕಿಗಳು ಬಂದರು. ಮುಂದೆ ಪ್ರೈಮರಿ ಶಾಲೆಯ ಮೇಷ್ಟ್ರು, ಬಹಳ ಗಿಡ್ಡ. ಹಿಂದೆ ಮಿಲ್ಲಿನ ಫಿಟರ್ ಹಾಲಪ್ಪ, ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರುವವರು. ಕೊಟ್ರಪ್ಪಣ್ಣ ಮೇಷ್ಟ್ರನ್ನು ಎಲ್ಲಕ್ಕಿಂತ ಎತ್ತರದ ಹಸಿರು ಸ್ಟೂಲಿಗೆ ಕರೆದೊಯ್ದರು.

"ಇದು ನನಗೇನಪ್ಪ? ಬಿದ್ರೆ?"

"ಬಿದ್ರೆ ನಾನು ಹಿಡ್ಕಂತೀನಿ. ಕಂಬಿಮ್ಯಾಲೆ ಕಾಲಿಡ್ರಿ, ಹತ್ರಿ."

ಮೇಷ್ಟ್ರು ಹತ್ತಿದರು. ಎರಡು ಕಂಬಿ, ಕೆಳಗಿನದು ಹತ್ತಲಿಕ್ಕೆ, ಮೇಲಿನದು ಕಾಲು ಊರಲಿಕ್ಕೆ. ಅವರ ಮೊಣಕೈ ಕಟ್ಟೆಯ ಮೇಲೆ ತಾನಾಗಿಯೇ ಹೋಗಿ ಕೂತಿತು. ಹಾಲಪ್ಪನವರು ಎಲ್ಲಕ್ಕಿಂತ ತಗ್ಗಿನ ಸ್ಟೂಲಿನಲ್ಲಿ ಪಕ್ಕಕ್ಕೇ ಕೂತು, ತಿರುಗಿ ಮೇಷ್ಟ್ರ ಮುಖ ನೋಡಿದರು.

"ಏನ್ರಿ ಮೇಷ್ಟ್ರೇ, ನಿಮ್ಗೆ ಮೀಸೆ ಐತಲ್ರಿ. ಇಷ್ಟು ವರ್ಷ ಬೋಳು ನೆತ್ತಿ ಒಂದೇ ನೋಡಿದ್ದೆ."

"ನಾನೇನು ಕಡಿಮೆ? ನಿನ್ನ ಅಂಗಿ ಮೂರನೇ ಗುಂಡಿ ಜೊತೆಗೇ ಇಷ್ಟು ದಿನ ಮಾತಾಡೀನಿ."

ಹೋಟೆಲಿಗೆ ಹೋಟೆಲೇ ನಕ್ಕಿತು. ಉಳಿದ ನಾಲ್ವರೂ ತಮ್ಮ ತಮ್ಮ ಸ್ಟೂಲು ಹತ್ತಿದರು. ನಾನು ಬಾಗಿಲಿನಿಂದ ನೋಡಿದೆ. ಕೆಳಗೆ ಸ್ಟೂಲುಗಳು ಮೇಲೊಂದು ಕೆಳಗೊಂದು. ಮೇಲೆ ಆರು ಜನರ ಹೆಗಲು ದಾರ ಹಿಡಿದು ಎಳೆದಂತೆ ಒಂದೇ ಸಾಲು. ಮೇಷ್ಟ್ರು ಅವತ್ತು ಎರಡನೇ ದೋಸೆ ಹೇಳಿದರು, ಇಳಿಯಲು ಮನಸ್ಸಿಲ್ಲದೆ.

ಮಾವ ಒರೆಸಿದ್ದ ಕಟ್ಟೆಯನ್ನೇ ಮತ್ತೆ ಒರೆಸುತ್ತ ನಿಂತರು. ಆಮೇಲೆ ಅಡುಗೆಮನೆಯ ಕಡೆ ಬಂದು, "ನಿಮ್ಮ ಹರಿಹರದೋನು ಗೆದ್ದ ಕಣಮ್ಮ. ಅವನಿಗೆ ಬೆಣ್ಣೆ ಜಾಸ್ತಿ ಹಾಕಿ ಒಂದು ದೋಸೆ ಕೊಡು" ಅಂದರು. ಮುಂದೆ ರವೆ ಯಾವ ಅಂಗಡಿಯದು ಚಲೋ ಎಂದೂ ನನ್ನನ್ನು ಕೇಳತೊಡಗಿದರು.

ತೊಂದರೆ ಇರಲಿಲ್ಲವೆಂದಲ್ಲ. ಪರ ಊರಿನ ಉದ್ದನೆಯವರು ಮೇಷ್ಟ್ರ ಸ್ಟೂಲು ಹತ್ತಿ ಮೊಣಕಾಲು ಕಲ್ಲಿಗೆ ಹೊಡೆಸಿಕೊಳ್ಳುತ್ತಿದ್ದರು. ಆಗ ದಿನದ ಗಿರಾಕಿಗಳೇ ಎದ್ದು "ಇಲ್ಲಿ ಬರ್ರಿ, ಇದು ನಿಮ್ದು" ಎಂದು ಕೂಡಿಸುತ್ತಿದ್ದರು. ಬರ್ರಿ ಸ್ಟೂಲು ಎಂಬ ಹೆಸರು ಊರಿಗೇ ಹಬ್ಬಿತು. ಮನೆಗಳವರು, ಬೇರೆ ಹೋಟೆಲಿನವರು ಹರಿಹರಕ್ಕೆ ಹುಡುಕಿಕೊಂಡು ಹೋದರು. ಕೊಟ್ರಪ್ಪಣ್ಣನ ಅಣ್ಣನೂ ಕೊನೆಗೆ ವೈರು ಹಿಡಿದು ಪಕ್ಕದಲ್ಲಿ ಕೂತನಂತೆ.

ವರ್ಷಕ್ಕೊಮ್ಮೆ ಸಡಿಲಾದ ವೈರು ಬಿಗಿಯಲು ಕೊಟ್ರಪ್ಪಣ್ಣ ಬರುತ್ತಿದ್ದರು. ನಾಲ್ಕನೇ ಸಲ ಬಂದಾಗ ಬಸ್ಸಿನ ಮೇಲಿಂದ ಒಂದು ಹೊಸ ಸ್ಟೂಲು ಇಳಿಸಿಕೊಂಡು ಸೀದಾ ಅಡುಗೆಮನೆಗೆ ಬಂದರು. ಕೆಂಪು ಬಿಳಿ ಹೆಣಿಗೆ.

"ಇದು ಬಾರವ್ವ ಸ್ಟೂಲು. ಕೂಡು ನೋಡಾಣ."

ಅತ್ತೆ ಎದುರಿಗಿದ್ದರು. ನಾನು ಅವರ ಮುಖ ನೋಡಿದೆ. "ಕೂಡೇ, ಅಷ್ಟು ದೂರದಿಂದ ತಂದಾರೆ" ಅಂದರು ಅತ್ತೆ. ಕೂತೆ. ಮೊಣಕೈ ಒಲೆಕಟ್ಟೆಗೆ ಸರಿಯಾಗಿ ಬಂತು. ಹಿಮ್ಮಡಿ ಮಾತ್ರ ಕಂಬಿಗೆ ಮುಟ್ಟಲಿಲ್ಲ, ಒಂದು ಬೆರಳು ಉಳಿಯಿತು.

"ಅಳತೆ ತಪ್ಪೈತೆ ಕೊಟ್ರಪ್ಪಣ್ಣ" ಅಂದೆ, ಅವರನ್ನು ರೇಗಿಸುವ ಅವಕಾಶ ಸಿಕ್ಕಿತೆಂದು.

ಅವರು ಬಗ್ಗಿ ಕಾಲು ನೋಡಿದರು. "ತಪ್ಪಿಲ್ಲ. ಬೇಕಂತ ಬಿಟ್ಟೀನಿ. ಬೆಳೀತೀಯ."

"ಎರಡು ಮಕ್ಕಳ ತಾಯಿ ನಾನು. ಇನ್ನೇನು ಬೆಳೀಲಿ?"

"ನಮ್ಮ ಹರಿಹರದ ಹೊಳೆ ನೀರು ಕುಡಿದ ಕಾಲು ಅವು. ಬೆಳೀತಾವೆ ಬಿಡವ್ವ."

ಅತ್ತೆ ನಕ್ಕರು, ನಾನೂ ನಕ್ಕೆ. ದೋಸೆ ತಿಂದು, ಸೀಳನ್ನು ಕಿವಿಗೆ ಸಿಕ್ಕಿಸಿಕೊಂಡು, ಮಧ್ಯಾಹ್ನದ ಬಸ್ಸಿಗೆ ಹೋದರು. ಅದೇ ಕೊನೆ. ಮುಂದಿನ ಸಲ ವೈರು ಬಿಗಿಯಲು ಅವರ ಅಣ್ಣ ಬಂದ.

ಆ ಸ್ಟೂಲು ಈಗಲೂ ನನ್ನ ಅಡುಗೆಮನೆಯಲ್ಲಿದೆ. ವೈರು ಎರಡು ಸಲ ಬದಲಾಯಿಸಿದ್ದೇವೆ. ಕಂಬಿಯನ್ನು ಸ್ವಲ್ಪ ಮೇಲೆ ಕೂಡಿಸಿಕೊಡುತ್ತೇನೆ ಎಂದು ವೆಲ್ಡಿಂಗಿನವನು ಪ್ರತಿ ಸಲ ಹೇಳುತ್ತಾನೆ, ನಾನು ಪ್ರತಿ ಸಲ ಬೇಡ ಅನ್ನುತ್ತೇನೆ. ಬೆಳಿಗ್ಗೆ ಚಟ್ನಿಗೆ ಕಾಯಿ ಹೆಚ್ಚಲು ಕೂತಾಗ ಒಮ್ಮೊಮ್ಮೆ ಕಾಲು ಚಾಚಿ ನೋಡುತ್ತೇನೆ. ಒಂದು ಬೆರಳು ಇನ್ನೂ ಬಾಕಿ ಇದೆ.